ಲಕ್ಷದ ಲ್ಯಾಪ್‌ಟಾಪು, ಮುನ್ನೂರೈವತ್ತರ ಕೀಬೋರ್ಡು



ಐದು ತಿಂಗಳ ಹಿಂದೆ ನಾನು ಇಲ್ಲೇ ಒಂದು ಫೋಟೋ ಹಾಕಿದ್ದೆ, ಕೆಲವರಿಗೆ ನೆನಪಿರಬಹುದು. ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪು, ಹಿಂದೆ ಗೋಡೆಯಲ್ಲಿ ಬಾಬಾಸಾಹೇಬರು, ಪಕ್ಕದಲ್ಲಿ ನನ್ನ ಮಗಳು. 'ಇನ್ನು ಮೇಲೆ ಅರ್ಜಿಗಳು ಬೇಗ ಬೇಗ ಹೋಗ್ತವೆ' ಅಂತ ಬರೆದಿದ್ದೆ. ಹೋರಾಟದ ಬಗ್ಗೆ ಬರೆದಾಗ ಬರೋದಕ್ಕಿಂತ ಮೂರು ಪಟ್ಟು ಲೈಕ್ ಬಂದವು. ಆಮೇಲೆ ಸುಮಾರು ಜನ ಇನ್‌ಬಾಕ್ಸಲ್ಲಿ ಕೇಳಿದ್ರಿ, ಹೆಂಗಿದೆ ಅಣ್ಣ, ನಾವೂ ತಗೋಬಹುದಾ ಅಂತ. ಎಲ್ಲರಿಗೂ 'ಸೂಪರ್' ಅಂತ ಒಂದೇ ಉತ್ತರ ಕೊಟ್ಟೆ. ಅದು ಪೂರ್ತಿ ನಿಜ ಅಲ್ಲ. ನಾನು ಮುಚ್ಚಿಟ್ಟಿದ್ದರಿಂದ ನನಗಿಂತ ಹೆಚ್ಚಾಗಿ ಬೇರೆಯವರಿಗೆ ತೊಂದರೆ ಆಯ್ತು, ಅದಕ್ಕೇ ಇವತ್ತು ಹೇಳ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಈ ಪೋಸ್ಟನ್ನ ಟೈಪ್ ಮಾಡ್ತಿರೋದು ಅದೇ ಲ್ಯಾಪ್‌ಟಾಪಲ್ಲಿ. ಆದ್ರೆ ಅದರ ಕೀಬೋರ್ಡಲ್ಲಿ ಅಲ್ಲ. 350 ರೂಪಾಯಿಯ ಪ್ಲಾಸ್ಟಿಕ್ ಕೀಬೋರ್ಡೊಂದನ್ನ ಅದರ ಮುಂದೆ ಇಟ್ಕೊಂಡು ಕುಟ್ತಿದ್ದೀನಿ. ಮದುಮಗನ ಮುಂದೆ ಮದುಮಗನ ಮಾವ ಕೂತಂಗೆ ಕೂತಿದೆ ಅದು.

ಇದಕ್ಕೂ ಮೊದಲು ನನ್ನ ಹತ್ರ ಇದ್ದ ಎರಡೂ ಲ್ಯಾಪ್‌ಟಾಪು ಬೆಂಗಳೂರಿನ ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಮಾಲು. ಯಾವುದೋ ಕಂಪನಿಯಲ್ಲಿ ಮೂರು ವರ್ಷ ಉಜ್ಜಿ ಬಿಟ್ಟಿದ್ದು. ಒಂದಕ್ಕೆ ಬ್ಯಾಟರಿ ಇದ್ದೂ ಇಲ್ಲದಂಗೆ, ಕರೆಂಟ್ ಹೋದ್ರೆ ಅರ್ಜಿನೂ ಹೋಗ್ತಿತ್ತು. ಇನ್ನೊಂದರ ಕೀಲು ಮುರಿದು ಪರದೆಯನ್ನ ಗೋಡೆಗೆ ಒರಗಿಸಿ ಕೂರಿಸ್ತಿದ್ದೆ. ಹತ್ತು ವರ್ಷ ಅವೆರಡರಲ್ಲೇ ಆರ್‌ಟಿಐ ಅರ್ಜಿ, ಪಿಟಿಸಿಎಲ್ ಜಮೀನಿನ ಅರ್ಜಿ, ಸ್ಮಶಾನದ ಜಾಗದ ಮನವಿ, ಹಾಸ್ಟೆಲ್ ಊಟದ ದೂರು ಎಲ್ಲಾ ಬರೆದೆ. ಆ ಎರಡು ಯಂತ್ರದ ದೋಷಗಳನ್ನ ಊರೆಲ್ಲಾ ಹೇಳ್ಕೊಂಡು ನಗ್ತಿದ್ದೆ. ಸಭೆಗೆ ತಗೊಂಡು ಹೋದ್ರೆ ಹುಡುಗರೇ 'ಅಣ್ಣಂದು ಗೋಡೆ ಸಮೇತ ಬಂತಾ' ಅಂತ ಕಿಚಾಯಿಸೋರು. ನಾನೂ ನಗ್ತಿದ್ದೆ. ಸೆಕೆಂಡ್ ಹ್ಯಾಂಡ್ ವಸ್ತು ಕೆಟ್ಟರೆ ಅದರಲ್ಲಿ ನಾಚಿಕೆ ಏನೂ ಇರಲ್ಲ.

ಎರಡನೇದು ಪೂರ್ತಿ ಸತ್ತಾಗ ಹೆಂಡ್ತಿನೇ ಹೇಳಿದ್ಲು, ಈ ಸಲ ಹೊಸದೇ ತಗೋ ಅಂತ. ಬೆಂಗಳೂರಿಗೆ ಹೋದೆ. ಅಂಗಡಿಯಲ್ಲಿದ್ದ ಹುಡುಗ ಬಜೆಟ್ ಎಷ್ಟು ಅಂತ ಕೇಳಲೂ ಇಲ್ಲ, ನೇರವಾಗಿ ಕಡಿಮೆ ಬೆಲೆಯ ಕೊನೇ ಸಾಲಿಗೆ ಕರ್ಕೊಂಡು ಹೋದ. ನನ್ನ ಚಪ್ಪಲಿ ನೋಡಿದ್ನೋ, ಹೆಗಲಿನ ಬಟ್ಟೆ ಬ್ಯಾಗ್ ನೋಡಿದ್ನೋ. ಪಾಪ, ಅವನೂ ನಮ್ಮವನೇ ಇರಬಹುದು, ಹದಿನೈದು ಸಾವಿರ ಸಂಬಳಕ್ಕೆ ದಿನಪೂರ್ತಿ ನಿಂತ್ಕೊಂಡಿರೋನು. ಆದ್ರೆ ನನಗೆ ಒಳಗೆ ಏನೋ ಚುರುಕ್ ಅಂತು. ಮುಂದಿನ ಸಾಲಿನಲ್ಲಿ ಗಾಜಿನ ದೀಪದ ಕೆಳಗೆ ಇಟ್ಟಿದ್ದರಲ್ಲ, ಅದನ್ನ ತೋರಿಸಪ್ಪ ಅಂದೆ. 1,08,000 ರೂಪಾಯಿ. ತಿಂಗಳಿಗೆ 9,000ದಂತೆ 12 ಕಂತು.

ಇದನ್ನ ಯಾರಿಗೂ ಹೇಳಿರಲಿಲ್ಲ: ಅರ್ಧ ಅಗತ್ಯಕ್ಕೆ ತಗೊಂಡೆ, ಅರ್ಧ ಹಠಕ್ಕೆ. ಕೊನೇ ಸಾಲಿನ 45 ಸಾವಿರದ್ದು ನನ್ನ ಕೆಲಸಕ್ಕೆ ಧಾರಾಳ ಸಾಕಾಗ್ತಿತ್ತು. ಇಂಥ ಮಾತು ಬಂದಾಗೆಲ್ಲ ನಮ್ಮವರು ಬಾಬಾಸಾಹೇಬರು ಸೂಟು ಯಾಕೆ ಹಾಕ್ತಿದ್ರು ಗೊತ್ತಾ ಅಂತ ಶುರು ಮಾಡ್ತಾರೆ. ನಾನೂ ವೇದಿಕೆ ಮೇಲೆ ನೂರು ಸಲ ಹೇಳಿದೀನಿ. ಆದ್ರೆ ನನ್ನ ಇಎಂಐಗೆ ಅವರ ಸೂಟನ್ನ ಜಾಮೀನು ಹಾಕೋದು ಬೇಡ. ಅವರು ದುಡ್ಡು ಸುರಿದಿದ್ದು ಪುಸ್ತಕಕ್ಕೆ. ಮುಂಬೈನ ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದಾಗ ಪುಸ್ತಕ ಇಡೋಕೆ ಜಾಗ ಇರಲಿ ಅಂತಲೇ ಕಟ್ಟಿಸಿದ್ರು. ನಾನು ಸೇಲ್ಸ್ ಹುಡುಗನ ಮುಂದೆ ಮೀಸೆ ತಿರುವೋಕೆ ಕಟ್ಟಿದ್ದು ಬೇರೆ ಲೆಕ್ಕ.

ಆಫೀಸಿಗೆ ತಗೊಂಡು ಹೋದ ದಿನ ಮೊದಲ ಪ್ರಶ್ನೆ, 'ಯಾವ ಸ್ಕೀಮಲ್ಲಿ ಬಂತ್ರೀ ಇದು?' ಕೇಳಿದವರಿಗೆ ಕೆಟ್ಟ ಮನಸ್ಸಿತ್ತು ಅಂತ ನಾನು ಹೇಳಲ್ಲ. ಸರ್ಕಾರ ಪರಿಶಿಷ್ಟ ವರ್ಗದ ಕಾಲೇಜು ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟಿದ್ದು ಎಲ್ಲರಿಗೂ ಗೊತ್ತು. ಆದ್ರೆ ನನಗೆ ನಲವತ್ತಾರು ವರ್ಷ, ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಟಪಾಲು ಬರೀತಿರೋ ಗುಮಾಸ್ತ. ಕೇಳಿದವರ ಕೈಯಲ್ಲಿದ್ದ ಮೊಬೈಲು ನನ್ನ ಲ್ಯಾಪ್‌ಟಾಪಿಗಿಂತ ದುಬಾರಿ. ಅದು ಯಾವ ಸ್ಕೀಮಲ್ಲಿ ಬಂತು ಅಂತ ನಾನು ಯಾವತ್ತೂ ಕೇಳಿಲ್ಲ. ನಮ್ಮ ಸಂಗಾತಿಗಳೇನು ಕಮ್ಮಿಯಿಲ್ಲ. 'ಕಾಮ್ರೇಡು ಬೂರ್ಜ್ವಾ ಆದ್ರು' ಅಂತ ಒಬ್ಬರು, 'ಸಂಘಟನೆ ಫಂಡು ಹಿಂಗೆ ಖರ್ಚಾಗ್ತಿದೆಯಾ' ಅಂತ ನಗ್ತಾ ಇನ್ನೊಬ್ಬರು. ನಗ್ತಾ ಕೇಳಿದ್ದು ನಿಜ. ನಾನು ಮಾತ್ರ ಆ ರಾತ್ರಿ ಕಂತಿನ ರಸೀದಿ ಪ್ರಿಂಟ್ ತೆಗೆದು ಫೈಲಲ್ಲಿ ಹಾಕಿಟ್ಟೆ.

ಮೊದಲ ವಾರದಲ್ಲೇ ಗೊತ್ತಾಯ್ತು, ಇದು ನನ್ನಂಥವನ ಕೆಲಸ ಯೋಚನೆ ಮಾಡಿ ಮಾಡಿದ್ದಲ್ಲ ಅಂತ.

ನಮ್ಮ ಆಫೀಸುಗಳ ಕನ್ನಡ ಎಲ್ಲಾ ಇವತ್ತಿಗೂ ಬಹುಪಾಲು ಹಳೇ ನುಡಿಯಲ್ಲೇ ಇದೆ. ಕನ್ನಡ ಗಣಕ ಪರಿಷತ್ತಿನವರು ಮಾಡಿದ ತಂತ್ರಾಂಶ. ಅದರ ಕೀಲಿಮಣೆ ವಿನ್ಯಾಸ ಮೂಲದಲ್ಲಿ ಕೆ.ಪಿ. ರಾಯರದ್ದು, ನನ್ನ ಬೆರಳುಗಳಿಗೆ ಅದು ಬಿಟ್ಟು ಬೇರೆ ಬರಲ್ಲ. ನುಡಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿಂದ ಕನ್ನಡಕ್ಕೆ ದಾಟೋಕೆ ಸ್ಕ್ರಾಲ್ ಲಾಕ್ ಅನ್ನೋ ಕೀ ಒತ್ತಬೇಕು. ಬೇರೆ ಯಾರೂ ಮುಟ್ಟದ ಆ ಕೀಯನ್ನ ದಿನಕ್ಕೆ ನೂರು ಸಲ ಮುಟ್ಟೋರು ಕರ್ನಾಟಕದ ಗುಮಾಸ್ತರು ಮಾತ್ರ ಇರಬೇಕು. ಒಂದು ಅಟ್ರಾಸಿಟಿ ಅರ್ಜಿ ತಗೊಳ್ಳಿ: 'ಕಲಂ 3(1)' ಅಂತ ಕನ್ನಡದಲ್ಲಿ ಬರೆದು ಇಂಗ್ಲಿಷಿಗೆ ಹಾರಿ 'ಆರ್' ಒತ್ತಿ, ಮತ್ತೆ ಕನ್ನಡಕ್ಕೆ ಬರಬೇಕು. ನನ್ನ ಲಕ್ಷದ ಲ್ಯಾಪ್‌ಟಾಪಲ್ಲಿ ಸ್ಕ್ರಾಲ್ ಲಾಕೇ ಇಲ್ಲ. ತೆಳ್ಳಗೆ ಮಾಡೋ ಭರದಲ್ಲಿ ನಂಬರ್ ಪ್ಯಾಡೂ ಇಲ್ಲ, ಅದೂ ಇಲ್ಲ. ಪರದೆ ಮೇಲೆ ಮೂಡೋ ಕೀಬೋರ್ಡನ್ನ ತೆರೆದು ಮೌಸಿನಿಂದ ಒತ್ತೋದು ಒಂದು ದಾರಿ. ಎರಡು ದಿನ ಮಾಡಿದೆ. ಒಂದು ಪುಟಕ್ಕೆ ನಲವತ್ತು ಸಲ ಮೌಸ್ ಹಿಡಿದ್ರೆ ತಲೆ ಕೆಡುತ್ತೆ.

ಸರಿ, ಹೊರಗಿನ ಕೀಬೋರ್ಡ್ ಹಾಕೋಣ ಅಂದ್ರೆ ಚುಚ್ಚೋಕೆ ಕಿಂಡಿ ಇಲ್ಲ. ಇರೋದು ಎರಡೇ, ಎರಡೂ ಟೈಪ್ ಸಿ. ಪೆನ್‌ಡ್ರೈವ್ ಹೋಗಲ್ಲ, ಪ್ರಿಂಟರ್ ವಯರ್ ಹೋಗಲ್ಲ. ನಮ್ಮೂರಿನ ಜೆರಾಕ್ಸ್ ಅಂಗಡಿಯವನು ಇನ್ನೂ ಪೆನ್‌ಡ್ರೈವ್ ಬಿಟ್ಟು ಬೇರೆ ಕೇಳಲ್ಲ. ಅದಕ್ಕೊಂದು ಡಾಂಗಲ್ ತಗೊಂಡೆ. ಡಾಂಗಲ್ಲಿಗೆ ಕೀಬೋರ್ಡು, ಪೆನ್‌ಡ್ರೈವು, ಪ್ರಿಂಟರು ಮೂರೂ ನೇತಾಡ್ತಾವೆ, ಎಮ್ಮೆಗೆ ಉಣ್ಣೆ ಕಚ್ಕೊಂಡಂಗೆ. ಇನ್ನು ಪರದೆ ಕನ್ನಡಿ ಥರ. ಜಗಲಿ ಮೇಲೆ ಕೂತರೆ ಅರ್ಜಿ ಕಾಣಲ್ಲ, ನನ್ನ ಬೋಳುತಲೆ ಕಾಣುತ್ತೆ. ಅಕ್ಷರ ಅಷ್ಟು ನುಣುಪಾಗಿ ಕಾಣೋ ಪರದೆಯಲ್ಲಿ ಹಳೇ ನುಡಿಯ ಕಿಟಕಿ ಮಾತ್ರ ಮಸುಕು ಮಸುಕು, ಎಣ್ಣೆ ಕಾಗದದ ಹಿಂದಿಂದ ನೋಡಿದಂಗೆ.

ಇವೆಲ್ಲಾ ಸಣ್ಣವು. ದೊಡ್ಡದು ಒಂದಿತ್ತು. ಮುಚ್ಚಿ ಬ್ಯಾಗಲ್ಲಿಟ್ಟರೆ ಇದು ಮಲಗ್ತಿರಲಿಲ್ಲ. ರಾತ್ರಿ ಎಂಬತ್ತು ಪರ್ಸೆಂಟ್ ಬ್ಯಾಟರಿ ನೋಡಿ ಮುಚ್ಚಿಟ್ಟರೆ ಬೆಳಿಗ್ಗೆ ಕೆಲವೊಮ್ಮೆ ಎಪ್ಪತ್ತೈದು, ಕೆಲವೊಮ್ಮೆ ಹತ್ತು. ಬ್ಯಾಗಿಗೆ ಕೈ ಹಾಕಿದ್ರೆ ಈಗ ತಾನೇ ತಟ್ಟೆಗೆ ಹಾಕಿದ ಮುದ್ದೆ ಥರ ಬಿಸಿ. ಮೊದಲ ತಿಂಗಳಲ್ಲೇ ಮೂರ್ನಾಲ್ಕು ಸಲ ಆಯ್ತು. ನಾನು ಯಾರಿಗೂ ಹೇಳ್ಲಿಲ್ಲ. ಹೆಂಡ್ತಿಗೂ ಹೇಳ್ಲಿಲ್ಲ.

ಯೋಚನೆ ಮಾಡಿ, ಇಪ್ಪತ್ತು ವರ್ಷದಿಂದ ಬೇರೆಯವರ ದೂರು ಬರೆದುಕೊಡೋದೇ ನನ್ನ ಕೆಲಸ. 'ಮಾನ್ಯರೇ, ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ' ಅಂತ ನಿದ್ದೆಯಲ್ಲೂ ಬರೀಬಲ್ಲೆ. ವಾರಂಟಿ ಇದೆ, ರಸೀದಿ ಇದೆ, ಫೋನ್ ನಂಬರ್ ಇದೆ. ಒಂದು ಕರೆ ಮಾಡೋಕೆ ಆಗ್ಲಿಲ್ಲ ನನ್ನ ಕೈಲಿ.

ನಮ್ಮಪ್ಪನ ವಾಚು ನೆನಪಾಗುತ್ತೆ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅಪ್ಪ ಕಬ್ಬು ಕಡಿಯೋಕೆ ಹೋಗಿ ದುಡಿದು ತಂದ ದುಡ್ಡಲ್ಲಿ ಒಂದು ಹೊಸ ಕೈಗಡಿಯಾರ ತಗೊಂಡ. ನಮ್ಮ ಕೇರಿಯಲ್ಲಿ ಅದೇ ಮೊದಲ್ನೇದು. ಅದು ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳ್ತಿತ್ತು. ಅಪ್ಪ ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆ ಬರೋ ಹೊತ್ತಿಗೆ ಹೋಟ್ಲು ಮುಂದೆ ನಿಂತು ಮುಳ್ಳು ಸರಿ ಮಾಡ್ಕೊಂಡು ಬರ್ತಿದ್ದ. ಮೇಲಿನ ಬೀದಿಯಲ್ಲಿ ಗೌಡರ ಜಗಲಿ ಮುಂದೆ ಹಾದು ಹೋಗುವಾಗ ಅವರು ಬೇಕಂತಲೇ ಕೂಗೋರು, 'ಏನ್ಲಾ, ಟೈಮೆಷ್ಟ್ಲಾ?' ಅಂತ. ಗೋಡೆಯಲ್ಲಿ ಅವರ ಗಡಿಯಾರ ಇರೋದು. ತಪ್ಪಾಗಿ ಹೇಳಲಿ, ನಗೋಣ ಅಂತ ಕೇಳ್ತಿದ್ರು. ಅಪ್ಪ ವಾಚು ನೋಡಿ, ಮನಸ್ಸಲ್ಲೇ ಅದಕ್ಕೆ ಆ ಹೊತ್ತಿಗೆ ಎಷ್ಟು ಕೂಡಬೇಕೋ ಕೂಡಿ, ಸರಿಯಾದ ಟೈಮು ಹೇಳೋನು. ಬೆಳಿಗ್ಗೆ ಆದ್ರೆ ಎರಡು ನಿಮಿಷ, ಸಂಜೆ ಆದ್ರೆ ಐದು ನಿಮಿಷ. ಶಾಲೆಗೆ ಹೋಗದ ಮನುಷ್ಯ. ವಾಚನ್ನ ರಿಪೇರಿಗೆ ಮಾತ್ರ ಕೊಡ್ಲಿಲ್ಲ. ಅಂಗಡಿ ಇದ್ದಿದ್ದು ಮೇಲಿನ ಬೀದಿಯಲ್ಲೇ, ಕೊಟ್ರೆ ಸಂಜೆಯೊಳಗೆ ಊರಿಗೆಲ್ಲಾ ಗೊತ್ತಾಗೋದು.

ನಮ್ಮ ಕೈಗೆ ಬಂದ ಹೊಸ ವಸ್ತು ಕೆಡಬಾರದು. ಕೆಟ್ರೆ ವಸ್ತುವಿನದ್ದಲ್ಲ ತಪ್ಪು, 'ಇವರಿಗ್ಯಾಕೆ ಬೇಕಿತ್ತು' ಅಂತ. ನಾನು ಬಿಎ ಓದಿ, ಆಫೀಸಲ್ಲಿ ಕೂತು, ಭಾಷಣ ಮಾಡಿ, ಕೊನೆಗೆ ಅಪ್ಪನ ಲೆಕ್ಕಾನೇ ಮಾಡ್ತಾ ಇದ್ದೆ.

ಈಗ ಆ ದಿನದ ಮಾತು. ಊರು, ಹೆಸರು ಬರೆಯಲ್ಲ.

ಒಬ್ಬ ತಾಯಿಗೆ ಊರಿನ ನಲ್ಲಿ ಹತ್ರ ಜಾತಿ ಹಿಡಿದು ಬೈದ ಕೇಸು. ಕಾಯ್ದೆ 1989ರದ್ದು, ಪರಿಹಾರದ ನಿಯಮ 1995ರದ್ದು, 2016ರಲ್ಲಿ ತಿದ್ದುಪಡಿ ಆಗಿದೆ. ಇಂಥ ಕೇಸಲ್ಲಿ ಒಂದು ಲಕ್ಷ ಪರಿಹಾರ: ಎಫ್‌ಐಆರ್ ಆದಾಗ ಕಾಲು ಭಾಗ, ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ ಅರ್ಧ, ಶಿಕ್ಷೆ ಆದ ಮೇಲೆ ಉಳಿದ ಕಾಲು. ಆಕೆಗೆ ಮೊದಲ 25 ಸಾವಿರ ಬಂದಿತ್ತು. ಚಾರ್ಜ್‌ಶೀಟ್ ಹೋಗಿ ತಿಂಗಳುಗಳಾದ್ರೂ 50 ಸಾವಿರ ಬಂದಿರಲಿಲ್ಲ. ಉಪವಿಭಾಗ ಮಟ್ಟದ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದ್ರೂ ಸೇರಬೇಕು. ಆ ಸಲದ ಸಭೆಯಲ್ಲಿ ವಿಷಯ ಎತ್ತೋಣ ಅಂತ ಸದಸ್ಯರೊಬ್ಬರ ಜೊತೆ ನಾನೂ ಹೋದೆ, ಆಕೆಯನ್ನೂ ಕರ್ಕೊಂಡು ಹೋದೆ.

ಎಲ್ಲಾ ದಾಖಲೆ ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಲ್ಲಿ ಇಟ್ಟಿದ್ದೆ. ದಿನಾಂಕಗಳ ಪಟ್ಟಿ ಬಣ್ಣ ಹಾಕಿ ಮಾಡಿದ್ದೆ. ಹಿಂದಿನ ದಿನ ಫೋನಲ್ಲಿ ಆಕೆಗೆ ನಾನೇ ಹೇಳಿದ್ದು, 'ಅಮ್ಮ, ನೀವೇನೂ ತರೋದು ಬೇಡ, ಎಲ್ಲಾ ನನ್ನ ಕಂಪ್ಯೂಟರಲ್ಲಿದೆ' ಅಂತ. ಅಧಿಕಾರಿಗಳ ಮುಂದೆ ಆ ತೆಳ್ಳನೆ ಲ್ಯಾಪ್‌ಟಾಪ್ ಬಿಚ್ಚಿ ತೋರಿಸಬೇಕು ಅನ್ನೋ ಆಸೆನೂ ಇತ್ತು, ಸುಳ್ಳು ಯಾಕೆ ಹೇಳ್ಲಿ. ಬಸ್ಸಲ್ಲಿ ಒಂದೂವರೆ ಗಂಟೆ. ಇಳಿದು ಬ್ಯಾಗ್ ಮುಟ್ಟಿದೆ. ಬಿಸಿ.

ಬಟನ್ ಒತ್ತಿದ್ರೆ ಖಾಲಿ ಬ್ಯಾಟರಿಯ ಚಿತ್ರ ಒಂದು ಕ್ಷಣ ಬಂದು ಹೋಯ್ತು. ಚಾರ್ಜರು ನನ್ನ ಆಫೀಸಿನ ಡ್ರಾಯರಲ್ಲಿ. ಅಲ್ಲಿದ್ದವರ ಮೊಬೈಲ್ ಚಾರ್ಜರ್ ಕೇಳಿ ಚುಚ್ಚಿದೆ, ಅದರ ಶಕ್ತಿ ಇದಕ್ಕೆ ಯಾವ ಮೂಲೆಗೂ ಸಾಲ್ಲಿಲ್ಲ. ನಮ್ಮ ಸರದಿ ಬಂತು. ಬಾಯಿಮಾತಲ್ಲಿ ಹೇಳಿದೆ. ಚಾರ್ಜ್‌ಶೀಟ್ ದಿನಾಂಕ ಕೇಳಿದ್ರು, ಒಂದು ತಿಂಗಳು ತಪ್ಪು ಹೇಳಿದೆ. ಅಲ್ಲೇ ಕೂತಿದ್ದ ಪೊಲೀಸ್ ಕಡೆಯವರು ತಮ್ಮ ಪಟ್ಟಿ ನೋಡಿ, ಆ ತಿಂಗಳಲ್ಲಿ ಅಂಥದ್ದು ಯಾವುದೂ ಇಲ್ಲ ಸರ್ ಅಂದ್ರು. ಮುಗೀತು. 'ದಾಖಲೆ ಇಟ್ಕೊಂಡು ಮಾತಾಡಿ, ಮುಂದಿನ ಸಭೆಗೆ ತನ್ನಿ' ಅಂತ ಹೇಳಿ ಮುಂದಿನ ವಿಷಯಕ್ಕೆ ಹೋದ್ರು.

ಆ ತಾಯಿ ಸೆರಗಿನೊಳಗಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದ್ರು. ಬೇಡ ಅಂದಿದ್ರೂ ತಂದಿದ್ರು. ಎಫ್‌ಐಆರ್ ನಕಲು, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ಕು. ಚಾರ್ಜ್‌ಶೀಟ್ ನಕಲು ಮಾತ್ರ ಇರಲಿಲ್ಲ. ಅದು ನನ್ನ ಮನೆಯಲ್ಲಿತ್ತು, ಸ್ಕ್ಯಾನ್ ಮಾಡೋಕೆ ಅಂತ ನಾನೇ ಇಸ್ಕೊಂಡಿದ್ದೆ. ಹೊರಗೆ ಬಂದ ಮೇಲೆ ಆಕೆ ನನ್ನನ್ನ ಬೈಲಿಲ್ಲ. 'ಹೋಗ್ಲಿ ಬುಡಣ್ಣ, ಮಿಷನ್ ಅಂದ್ಮೇಲೆ ಕೆಡ್ತದೆ' ಅಂದ್ರು. ನನಗೆ ಟೀ ಕೊಡಿಸಿ ದುಡ್ಡೂ ಅವರೇ ಕೊಟ್ರು.

ಮಾರನೇ ದಿನವೇ ಲಿಖಿತ ಅರ್ಜಿ ಹಾಕಿದೆ, ನಕಲುಗಳ ಸಮೇತ. ಎರಡು ತಿಂಗಳು ಹಿಡೀತು, ದುಡ್ಡು ಬಂತು. ಆ ಎರಡು ತಿಂಗಳಲ್ಲಿ ಆಕೆ ಮಗನ ಕಾಲೇಜಿನ ಫೀಸಿಗೆ ಬಡ್ಡಿಗೆ ಸಾಲ ಮಾಡಿದ್ರು ಅಂತ ಆಮೇಲೆ ಗೊತ್ತಾಯ್ತು. ಆ ಬಡ್ಡಿ ನಾನು ಕೊಡ್ತೀನಿ ಅಂದೆ. ತಗೊಳ್ಲಿಲ್ಲ.

ಸಭೆ ಮುಗಿದ ಆ ಶನಿವಾರ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಹೋದೆ. ಎಲ್ಲಾ ನೋಡಿ, 'ಇದು ಫಾಲ್ಟ್ ಅಲ್ಲ ಸರ್, ಹೊಸ ಲ್ಯಾಪ್‌ಟಾಪ್ ಎಲ್ಲಾ ಹಿಂಗೇ' ಅಂದ್ರು. ಹಳೇ ಲ್ಯಾಪ್‌ಟಾಪುಗಳು ಮುಚ್ಚಿದ್ರೆ ನಿಜವಾಗಿ ನಿದ್ದೆ ಹೋಗ್ತಿದ್ವಂತೆ. ಹೊಸವು ಮೊಬೈಲ್ ಥರ, ಕಣ್ಣು ಮುಚ್ಚಿದ್ರೂ ಒಳಗೆ ಎಚ್ಚರ, ಮೇಲ್ ಬಂತಾ, ಅಪ್‌ಡೇಟ್ ಬಂತಾ ಅಂತ ನೋಡ್ತಾ ಇರ್ತಾವೆ. ಬ್ಯಾಗಿನೊಳಗೆ ಹಂಗೆ ಎಚ್ಚರಾಗಿ ಬಿಸಿಯಾಗಿ ಬ್ಯಾಟರಿ ತಿಂದು ಮುಗಿಸ್ತಾವೆ. ಮಾಡರ್ನ್ ಸ್ಟ್ಯಾಂಡ್‌ಬೈ ಅಂತ ಹೆಸರು. ಲಕ್ಷ ರೂಪಾಯಿ ಕೊಟ್ಟೋನಿಗೆ ಬಾಕ್ಸಿನ ಮೇಲೆ ಒಂದು ಸಾಲು ಬರೆದಿದ್ರೆ ಏನಾಗ್ತಿತ್ತು ಅಂತ ಕೇಳಿದೆ. ಜೋರಾಗೇ ಕೇಳಿದೆ. ಪಕ್ಕದಲ್ಲಿದ್ದ ಇಬ್ಬರು ನಮ್ಮದೂ ಅದೇ ಸಮಸ್ಯೆ ಅಂತ ಎದ್ದು ಬಂದ್ರು. ಇಷ್ಟು ದಿನ ನನ್ನೊಬ್ಬನ ಹಣೆಬರಹ ಅಂದ್ಕೊಂಡಿದ್ದೆ.

ತಗೊಂಡಿರೋರಿಗೆ, ತಗೊಳ್ಳೋರಿಗೆ: ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಪವರ್ ಆಪ್ಷನ್ಸ್ ಒಳಗೆ, ಮುಚ್ಚಳ ಮುಚ್ಚಿದ್ರೆ ಏನಾಗಬೇಕು ಅಂತ ಕೇಳೋ ಕಡೆ ಸ್ಲೀಪ್ ತೆಗೆದು ಹೈಬರ್ನೇಟ್ ಇಡಿ.  ಆಗ ತೆರೆದಿರೋದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರಿ ಹೋಗುತ್ತೆ. ಮತ್ತೆ ತೆರೆಯೋಕೆ ಸ್ವಲ್ಪ ಜಾಸ್ತಿ ಹೊತ್ತು, ಅಷ್ಟೇ. ಅವತ್ತಿಂದ ನಂದು ಬಿಸಿ ಆಗಿಲ್ಲ. ಎರಡು ನಿಮಿಷದ ಕೆಲಸ. ಬಾಯಿ ಬಿಟ್ಟಿದ್ರೆ ಮೊದಲ ತಿಂಗಳೇ ಮುಗೀತಿತ್ತು.

ಉಳಿದ ದೋಷಗಳು ಇದ್ದಂಗೇ ಇವೆ, ಸ್ಕ್ರಾಲ್ ಲಾಕ್ ಏನು ಮೊಳೆಯಲ್ಲ. ಆಫೀಸಿಗೆ ಬೇಡದ ಬರವಣಿಗೆಯನ್ನ ಈಗ ಯೂನಿಕೋಡಿಗೆ ತಂದಿದೀನಿ, ನುಡಿಯಲ್ಲಿ ಬರೆದು ವಾಟ್ಸಾಪಲ್ಲಿ ಕಳಿಸಿದ್ರೆ ಮಂತ್ರದ ಥರ ಕಾಣೋದಾದ್ರೂ ತಪ್ತು. ಮಾರಿಬಿಡು ಅಂತ ಒಬ್ಬರು ಹೇಳಿದ್ರು. ಮಾರಲ್ಲ. ನಮ್ಮನೆ ಎರಡು ಕೋಣೆದು. ರಾತ್ರಿ ಹನ್ನೊಂದರ ಮೇಲೆ ಮಗಳು ಪಕ್ಕದಲ್ಲೇ ಮಲಗಿರುವಾಗ ಇದರದ್ದೇ ಕೀಬೋರ್ಡಲ್ಲಿ ಬರೆದ್ರೆ ಒಂಚೂರು ಸದ್ದಾಗಲ್ಲ, ಹಳೇದರಲ್ಲಿ ಬತ್ತ ಕುಟ್ಟಿದಂಗೆ ಕೇಳೋದು. ಬಾಬಾಸಾಹೇಬರ ಬರಹ ಭಾಷಣಗಳ ಸಂಪುಟದ ಪಿಡಿಎಫ್, ಹಳೇ ಪಹಣಿ, ಮಸುಕಾದ ಗ್ರಾಂಟ್ ಸರ್ಟಿಫಿಕೇಟಿನ ಸ್ಕ್ಯಾನು ಇದರ ಪರದೆಯಲ್ಲಿ ಹಿಗ್ಗಿಸಿ ನೋಡಿದ್ರೆ ಮೊದಲು ಕಾಣದ ಸರ್ವೆ ನಂಬರು ಕಾಣುತ್ತೆ. ಹಂಗೆ ಒಂದು ಪಿಟಿಸಿಎಲ್ ಕೇಸಲ್ಲಿ ಷರತ್ತಿನ ಸಾಲೊಂದನ್ನ ಓದೋಕೆ ಆಯ್ತು, ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ. ಬೆರಳಿಟ್ಟರೆ ತೆರೆಯುತ್ತೆ. ಅವ್ವ ಒಂದ್ಸಲ ನೋಡಿ, 'ನನ್ನ ಬೆರಳು ರೇಷನ್ ಅಂಗಡಿ ಮಿಷನ್ನಿಗೇ ಹತ್ತಲ್ಲ, ನಿಂದು ಹೆಂಗೆ ಹತ್ತುತ್ತಲೋ' ಅಂದ್ಲು. ಅವಳ ಬೆರಳಲ್ಲಿ ಗೆರೆ ಎಲ್ಲಿ ಉಳಿದಿದೆ.

ಆಫೀಸಲ್ಲಿ ಈಗ ಯಾರಾದ್ರೂ ಹೆಂಗಿದೆ ಅಂದ್ರೆ ಪಟ್ಟಿ ಸಮೇತ ಹೇಳ್ತೀನಿ, ಇಂತಿಂಥದ್ದು ಸರಿ ಇಲ್ಲ ಅಂತ. 'ಮತ್ಯಾಕ್ರೀ ತಗೊಂಡ್ರಿ?' ಅಂತಾರೆ. ಬೇಕಿತ್ತು, ತಗೊಂಡೆ ಅಂತೀನಿ.

ಏಳು ಕಂತು ಬಾಕಿ ಇದೆ. ಬ್ಯಾಗಲ್ಲಿ ಲ್ಯಾಪ್‌ಟಾಪಿನ ಜೊತೆ ಚಾರ್ಜರು, ಡಾಂಗಲ್ಲು, ಕೀಬೋರ್ಡು ಸೇರಿ ಹಳೇ ಯಂತ್ರದಷ್ಟೇ ಭಾರ ಆಗಿದೆ. ಮುಂದಿನ ವಾರ ಮತ್ತೆ ಸಮಿತಿ ಸಭೆ. ಅದೇ ತಾಯಿ ತಮ್ಮ ಪಕ್ಕದೂರಿನ ಇನ್ನೊಬ್ಬರ ಕೇಸಿಗೆ ನನ್ನ ನಂಬರ್ ಕೊಟ್ಟಿದ್ದಾರೆ. ನಿನ್ನೆ ಅವರೇ ಫೋನ್ ಮಾಡಿ ನೆನಪು ಮಾಡಿದ್ರು: 'ಅಣ್ಣ, ಕಂಪ್ಯೂಟರ್ ತತ್ತಿಯೋ ಬುಡ್ತಿಯೋ, ಜೆರಾಕ್ಸ್ ಮಾಡಿಸ್ಕೊಂಡ್ ಬಾ.' ಎರಡು ಸೆಟ್ ಮಾಡಿಸಿದೀನಿ. ಒಂದು ನನ್ನ ಬ್ಯಾಗಲ್ಲಿ, ಒಂದು ಅವರ ಕವರಲ್ಲಿ.

ಜೈ ಭೀಮ್.